ಮಾಲ್ ಮೇಲಿರೋ ಎತ್ತರದ ಹೋಟೆಲ್‌ನಲ್ಲಿ ಉಳ್ಕೊಳ್ಳೋಕೆ ಹೋಗ್ತಿದ್ದೀರಾ? ಇಷ್ಟು ತಿಳ್ಕೊಂಡು ಹೋಗಿ

ಕೆಳಗೆ ನಾಲ್ಕೈದು ಅಂತಸ್ತು ಅಂಗಡಿಗಳು, ಅದರ ಮೇಲೆ ಮೂವತ್ತು ನಲವತ್ತು ಮಹಡಿ ಹೋಟೆಲ್, ಈ ಥರ ಬಿಲ್ಡಿಂಗ್‌ಗಳು ಈಗ ದೊಡ್ಡ ಸಿಟಿಗಳಲ್ಲೆಲ್ಲ ಇವೆ. ಬುಕ್ ಮಾಡೋವಾಗ ಎಲ್ಲರ ಮನಸ್ಸಲ್ಲೂ ಇರೋದು ಒಂದೇ ಲೆಕ್ಕ, ಲಿಫ್ಟ್ ಇಳಿದ್ರೆ ಶಾಪಿಂಗು, ಹತ್ತಿದ್ರೆ ರೂಮು, ಮಳೆ ಬಿಸಿಲು ಯಾವುದರ ಚಿಂತೇನೂ ಇಲ್ಲ. ಲೆಕ್ಕ ಸರೀನೇ ಇದೆ. ಆದ್ರೆ ಅದು ನಿಜವಾಗ್ಲೂ ಹಾಗೇ ನಡೀಬೇಕು ಅಂದ್ರೆ ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ, ಹೊರಗಡೆಯಿಂದ ಒಂದೇ ಬಿಲ್ಡಿಂಗ್ ಥರ ಕಂಡ್ರೂ ಒಳಗೆ ಅವು ಎರಡು. ಬಾಗಿಲು ಬೇರೆ, ಲಿಫ್ಟ್ ಬೇರೆ, ತೆಗೆಯೋ ಮುಚ್ಚೋ ಟೈಮ್ ಬೇರೆ, ಸೆಕ್ಯೂರಿಟಿ ಬೇರೆ, ಎಷ್ಟೋ ಕಡೆ ನಡೆಸೋ ಕಂಪನೀನೂ ಬೇರೆ. ಈ ಎರಡೂ ಎಲ್ಲಿ ಸೇರುತ್ತೆ, ಎಷ್ಟು ಗಂಟೆವರೆಗೂ ಸೇರಿರುತ್ತೆ ಅಂತ ಗೊತ್ತಿದ್ದವರಿಗೆ ಇಲ್ಲಿ ಉಳ್ಕೊಳ್ಳೋದು ತುಂಬ ಆರಾಮ, ಅದರಲ್ಲೂ ವಯಸ್ಸಾದವರು ಮಕ್ಕಳು ಜೊತೇಲಿದ್ರೆ.

ಬುಕ್ ಮಾಡೋಕೆ ಮುಂಚೆ ರೂಮಿನ ಫೋಟೋ ಆಮೇಲೆ ನೋಡಿ, ಮೊದ್ಲು ರಿಸೆಪ್ಷನ್ ಯಾವ ಮಹಡೀಲಿದೆ ಅಂತ ನೋಡಿ. ರಸ್ತೆ ಮಟ್ಟದಲ್ಲಿರೋ ಜಾಗಕ್ಕೆ ಅಂಗಡಿಯವರು ಕೊಡೋ ಬಾಡಿಗೆ ಜಾಸ್ತಿ, ಅದಕ್ಕೇ ಹೋಟೆಲ್‌ಗೆ ಕೆಳಗಡೆ ಒಂದು ಸಣ್ಣ ಬಾಗಿಲು, ಎರಡು ಮೂರು ಲಿಫ್ಟ್ ಅಷ್ಟೇ ಬಿಟ್ಟು ಅಸಲಿ ಲಾಬೀನ ಮೇಲೆ ಎಲ್ಲೋ ಇಡ್ತಾರೆ, ಸ್ಕೈ ಲಾಬಿ ಅನ್ನೋದು ಇದನ್ನೇ. ಶಿಕಾಗೋದಲ್ಲಿ 1970ರ ದಶಕದಲ್ಲಿ ಕಟ್ಟಿದ ವಾಟರ್ ಟವರ್ ಪ್ಲೇಸ್ 74 ಮಹಡಿಯ ಕಟ್ಟಡ, ಕೆಳಗೆ ಮಾಲ್, ಅಲ್ಲಿನ ರಿಟ್ಜ್ ಕಾರ್ಲ್ಟನ್ ಹೋಟೆಲಿನ ಲಾಬಿ ಇರೋದು 12ನೇ ಮಹಡೀಲಿ. ಹಾಂಗ್‌ಕಾಂಗಿನ ಐಸಿಸಿ (ಇಂಟರ್‌ನ್ಯಾಷನಲ್ ಕಾಮರ್ಸ್ ಸೆಂಟರ್) ಟವರಲ್ಲಂತೂ ಇನ್ನೂ ಮೇಲೆ, ಬುಡದಲ್ಲಿ ಎಲಿಮೆಂಟ್ಸ್ ಮಾಲ್, ಹೋಟೆಲ್ ಇರೋದು 102ರಿಂದ 118ನೇ ಮಹಡಿವರೆಗೆ, ರಿಸೆಪ್ಷನ್ 103ರಲ್ಲಿ. ಅಂದ್ರೆ ರಸ್ತೆಯಿಂದ ಲಾಬಿಗೆ ಒಂದು ಲಿಫ್ಟು, ಲಾಬಿಯಿಂದ ರೂಮಿಗೆ ಇನ್ನೊಂದು ಲಿಫ್ಟು, ಮಾಲ್‌ಗೆ ಇಳೀಬೇಕಾದ್ರೂ ಅದೇ ಥರ ಎರಡು ಲಿಫ್ಟ್ ಹಿಡೀಬೇಕು. ದಿನಕ್ಕೆ ಎರಡು ಸಲ ಓಡಾಡೋರಿಗೆ ಇದೇನೂ ದೊಡ್ಡ ವಿಷ್ಯ ಅಲ್ಲ, ಆದ್ರೆ ಮಧ್ಯಾಹ್ನ ಮಗು ಮಲಗಿಸೋಕೆ ರೂಮಿಗೆ ಬರೋರು, ಮಂಡಿ ನೋವಿರೋ ಅಮ್ಮನ್ನ ಕರ್ಕೊಂಡು ಬಂದಿರೋರು ಇದನ್ನ ಮುಂಚೇನೇ ಕೇಳಿ ತಿಳ್ಕೊಳ್ಳೋದು ಒಳ್ಳೇದು. ಹೋಟೆಲ್‌ಗೆ ಒಂದು ಫೋನ್ ಮಾಡಿ "ಮಾಲ್‌ನಿಂದ ರೂಮಿಗೆ ಬರೋಕೆ ಎಷ್ಟು ಲಿಫ್ಟ್ ಬದಲಾಯಿಸ್ಬೇಕು, ಮಧ್ಯೆ ಎಲ್ಲಾದ್ರೂ ಮೆಟ್ಟಿಲಿದ್ಯಾ, ವೀಲ್‌ಚೇರ್ ಬರುತ್ತಾ" ಅಂತ ಕೇಳಿ. ಸಲೀಸಾಗಿ ಉತ್ತರ ಕೊಟ್ರೆ ಆ ಜಾಗದ ಮೇಲೆ ನಂಬಿಕೆ ಬರುತ್ತೆ.

ಇನ್ನೊಂದು, "ಮಾಲ್ ಪಕ್ಕದಲ್ಲೇ", "ಮಾಲ್‌ಗೆ ಕನೆಕ್ಟೆಡ್", "ಮಾಲ್ ಮೇಲೆ", ಈ ಮೂರೂ ಒಂದೇ ಅಲ್ಲ. ಪಕ್ಕದಲ್ಲೇ ಅಂದ್ರೆ ರಸ್ತೆ ದಾಟ್ಬೇಕಾಗಿ ಬರಬಹುದು. ಕನೆಕ್ಟೆಡ್ ಅಂದ್ರೆ ಸೇತುವೆನೋ ಸುರಂಗದ ದಾರೀನೋ ಇರುತ್ತೆ, ಸಿಂಗಾಪುರದ ಮರೀನಾ ಬೇ ಸ್ಯಾಂಡ್ಸಲ್ಲಿ ಹಾಗೇ, ಹೋಟೆಲಿನ ಮೂರು ಟವರ್ ರಸ್ತೆಯ ಒಂದು ಕಡೆ, ಮಾಲ್ ಇನ್ನೊಂದು ಕಡೆ, ಮಧ್ಯೆ ನಡ್ಕೊಂಡು ಹೋಗೋ ದಾರಿ. ಅದೇ ಊರಲ್ಲಿ ರಾಫಲ್ಸ್ ಸಿಟಿ ಬೇರೆ ಥರ, 1986ರಲ್ಲಿ ಶುರುವಾಗಿದ್ದು, ಐ.ಎಂ. ಪೇ ಅನ್ನೋ ಆರ್ಕಿಟೆಕ್ಟ್ ಡಿಸೈನು, ಸುಮಾರು 226 ಮೀಟರ್ ಎತ್ತರದ 73 ಮಹಡಿ ಹೋಟೆಲ್ ಟವರು, ಬುಡದಲ್ಲೇ ಮಾಲು, ಮಾಲಿನ ಕೆಳಗೇ ಮೆಟ್ರೋ ಸ್ಟೇಷನ್ನು. ಏರ್‌ಪೋರ್ಟಿಂದ ಮೆಟ್ರೋದಲ್ಲಿ ಬರೋರಿಗೆ ಈ ಥರದ್ದು ಬಹಳ ಅನುಕೂಲ, ಆದ್ರೆ ದೊಡ್ಡ ಸೂಟ್‌ಕೇಸ್ ಹಿಡ್ಕೊಂಡು ಸ್ಟೇಷನ್ನಿಂದ ರಿಸೆಪ್ಷನ್‌ವರೆಗೂ ಜನರ ಮಧ್ಯೆ ಮಾಲ್ ದಾಟ್ಕೊಂಡು ಹೋಗ್ಬೇಕು ಅನ್ನೋದೂ ಗೊತ್ತಿರ್ಲಿ.

ಈಗ ರೂಮ್ ಆರಿಸೋದು. ಎಲ್ರೂ "ಹೈ ಫ್ಲೋರ್ ಕೊಡಿ" ಅಂತಾರೆ, ನಾನು ಹಾಗೆ ಹೇಳಲ್ಲ. ಅಂಗಡಿಗಳಿರೋ ಅಗಲವಾದ ಕೆಳಭಾಗಕ್ಕೆ ಪೋಡಿಯಂ ಅಂತಾರೆ, ಟವರ್ ಅದರ ಒಂದು ಮೂಲೇಲಿ ಎದ್ದಿರುತ್ತೆ, ಉಳಿದ ಛಾವಣಿ ಮೇಲೆ ಮಾಲಿನ ಎಸಿ ಯಂತ್ರಗಳು, ಕೂಲಿಂಗ್ ಟವರ್, ಫುಡ್ ಕೋರ್ಟಿನ ಹೊಗೆ ಕೊಳವೆಗಳು, ಇಲ್ಲಾಂದ್ರೆ ಹೋಟೆಲಿನ ಈಜುಕೊಳ ಇರುತ್ತೆ. ಟವರಿನ ಮೊದಲ ಎರಡು ಮೂರು ಮಹಡಿ ರೂಮುಗಳ ಕಿಟಕಿ ತೆಗೆದ್ರೆ ಕಾಣೋದು ಇದೇ. ಪೂಲ್ ಇದ್ರೆ ಹಗಲಲ್ಲಿ ಮಕ್ಕಳ ಗಲಾಟೆ, ಯಂತ್ರ ಇದ್ರೆ ಇಡೀ ರಾತ್ರಿ ಗುಂಯ್ ಅನ್ನೋ ಸದ್ದು, ಫುಡ್ ಕೋರ್ಟ್ ಎಕ್ಸಾಸ್ಟ್ ಇದ್ರೆ ಎಣ್ಣೆ ವಾಸನೆ. ಅದಕ್ಕೆ "ಪೋಡಿಯಂ ಛಾವಣಿಯಿಂದ ನಾಲ್ಕೈದು ಮಹಡಿ ಮೇಲೆ, ಸರಕು ಇಳಿಸೋ ಕಡೆ ಬೇಡ" ಅಂತ ಕೇಳಿ. ಈ ಸರಕು ಇಳಿಸೋ ಜಾಗದ ಬಗ್ಗೆ ಯಾರೂ ಯೋಚನೇನೇ ಮಾಡಲ್ಲ. ಅಂಗಡಿಗಳಿಗೆ ಸರಕು ಬರೋದು ಸಾಮಾನ್ಯವಾಗಿ ಗಿರಾಕಿಗಳಿಲ್ಲದ ಹೊತ್ತಲ್ಲಿ, ಅಂದ್ರೆ ತಡರಾತ್ರಿ ಅಥವಾ ಬೆಳಗಿನ ಜಾವ, ಲಾರಿ ರಿವರ್ಸ್ ಹಾಕೋ ಬೀಪ್ ಬೀಪ್ ಸದ್ದು ಖಾಲಿ ರಸ್ತೇಲಿ ಎಷ್ಟು ಮೇಲಕ್ಕೂ ಕೇಳಿಸುತ್ತೆ.

ತೀರಾ ಮೇಲಿನ ಮಹಡಿಗಳಿಗೂ ಅದರದೇ ತೊಂದರೆ ಇದೆ. ಗಾಳಿ ಜೋರಾದ ದಿನ ಕಿಟಕಿ ಸಂದೀಲಿ, ಲಿಫ್ಟ್ ಬಾಗಿಲಲ್ಲಿ ಸಿಳ್ಳೆ ಹೊಡೆದಂಗೆ ಸದ್ದು ಬರುತ್ತೆ, ತುಂಬಾ ಎತ್ತರದ ಟವರ್‌ಗಳು ಗಾಳಿಗೆ ಸ್ವಲ್ಪ ಓಲಾಡ್ತವೆ, ಓಲಾಡೋ ಹಾಗೇ ಡಿಸೈನ್ ಮಾಡಿರ್ತಾರೆ, ಅದರಿಂದ ಅಪಾಯ ಇಲ್ಲ, ಆದ್ರೆ ತಲೆಸುತ್ತು ಬರೋರಿಗೆ ನಿದ್ದೆ ಬರಲ್ಲ. ಸ್ಪೀಡ್ ಲಿಫ್ಟಲ್ಲಿ ಕಿವಿ ಕಟ್ಕೊಳ್ಳುತ್ತೆ, ಚಿಕ್ಕ ಮಕ್ಕಳು ಅಳೋದು ಇದಕ್ಕೇನೇ, ಲಿಫ್ಟ್ ಹತ್ತೋವಾಗ ಏನಾದ್ರೂ ಕುಡಿಸ್ತಾ ಇದ್ರೆ ಸರಿಹೋಗುತ್ತೆ. ಕಿಟಕಿಗಳು ತೆಗಿಯೋಕೇ ಆಗಲ್ಲ ಅಥವಾ ಒಂದು ಗೇಣು ಅಷ್ಟೇ ತೆಗಿಯುತ್ತೆ, ಹೊರಗಿನ ಗಾಳಿ ಬೇಕೇ ಬೇಕು ಅನ್ನೋರು ಇದನ್ನೂ ಕೇಳ್ಕೊಳ್ಳಿ. ನನ್ನ ಪ್ರಕಾರ ವಯಸ್ಸಾದವರಿಗೆ ಟವರಿನ ಕೆಳ ಅರ್ಧ, ಲಿಫ್ಟಿಗೆ ಹತ್ತಿರ ಆದ್ರೆ ಲಿಫ್ಟಿಗೆ ಅಂಟ್ಕೊಂಡ ರೂಮ್ ಅಲ್ಲ, ಇದು ಎಲ್ಲಕ್ಕಿಂತ ಚೆನ್ನ.

ಬರೋ ದಿನ ಕ್ಯಾಬ್ ಡ್ರೈವರ್‌ಗೆ ಬರೀ ಬಿಲ್ಡಿಂಗ್ ಹೆಸರು ಹೇಳ್ಬೇಡಿ. ಮ್ಯಾಪಲ್ಲಿ ಆ ಹೆಸರಿಗೆ ಪಿನ್ ಬೀಳೋದು ಬಹಳ ಸಲ ಮಾಲಿನ ಮೇನ್ ಗೇಟಿಗೆ, ಹೋಟೆಲಿನ ಪೋರ್ಚ್ ಹಿಂದಿನ ರಸ್ತೇಲೋ ಪಕ್ಕದ ರಸ್ತೇಲೋ ಇರುತ್ತೆ, ಒನ್‌ವೇ ಇದ್ರಂತೂ ಒಂದು ಸಲ ತಪ್ಪಿದ್ರೆ ಇಡೀ ಬ್ಲಾಕ್ ಸುತ್ತಿ ಬರ್ಬೇಕು. ಹೋಟೆಲ್‌ನವರಿಗೇ ಹೇಳಿ ಪೋರ್ಚಿನ ಲೊಕೇಶನ್ ಕಳಿಸೋಕೆ ಕೇಳಿ, ಮಾಲ್ ಗೇಟಲ್ಲಿ ಇಳಿದ್ರೆ ಸೂಟ್‌ಕೇಸ್ ತಳ್ಕೊಂಡು ಸೆಕ್ಯೂರಿಟಿ ಚೆಕ್ ದಾಟಿ ಎಸ್ಕಲೇಟರ್ ಹುಡುಕ್ತಾ ನಿಲ್ಲೋದಾಗುತ್ತೆ. ಎಸ್ಕಲೇಟರ್ ಮೇಲೆ ದೊಡ್ಡ ಲಗೇಜ್, ಮಗುವಿನ ಸ್ಟ್ರೋಲರ್ ಎರಡೂ ಬೇಡವೇ ಬೇಡ, ಒಂದು ಸೂಟ್‌ಕೇಸ್ ಕೈ ಜಾರಿದ್ರೆ ಕೆಳಗಿದ್ದವರೆಲ್ಲ ಬೀಳ್ತಾರೆ.

ಸ್ವಂತ ಕಾರಲ್ಲಿ ಬರೋರು ಬೇಸ್‌ಮೆಂಟ್ ಒಳಗೆ ನುಗ್ಗೋಕೆ ಮುಂಚೆ ಯಾವ ಗೇಟು ಅಂತ ನೋಡ್ಕೊಳ್ಳಿ. ಒಂದೇ ಬೇಸ್‌ಮೆಂಟಲ್ಲಿ ಮಾಲಿಗೆ ಒಂದು ಭಾಗ, ಹೋಟೆಲಿಗೆ ಒಂದು ಭಾಗ ಇರುತ್ತೆ, ಮಾಲಿನ ಕಡೆ ನಿಲ್ಲಿಸಿದ್ರೆ ಗಂಟೆ ಲೆಕ್ಕದಲ್ಲಿ ದುಡ್ಡು ಏರ್ತಾ ಹೋಗುತ್ತೆ, ರಾತ್ರಿಯಿಡೀ ನಿಲ್ಸಿದ್ರೆ ಬಿಲ್ ನೋಡಿ ಗಾಬರಿ ಆಗುತ್ತೆ. ಹೋಟೆಲ್ ಗೆಸ್ಟ್‌ಗಳಿಗೆ ರಿಯಾಯಿತಿ ಇದ್ರೂ ಚೀಟಿ ಮೇಲೆ ರಿಸೆಪ್ಷನ್ನವರು ಸೀಲ್ ಹಾಕ್ಬೇಕು ಅಥವಾ ಕಂಪ್ಯೂಟರಲ್ಲಿ ನಂಬರ್ ಸೇರಿಸ್ಬೇಕು, ಚೆಕ್‌ಇನ್ ಮಾಡೋವಾಗಲೇ ಕೇಳಿ ಮಾಡಿಸ್ಕೊಳ್ಳಿ. ಕಂಬದ ನಂಬರ್ ಫೋಟೋ ತೆಗೆದಿಟ್ಕೊಳ್ಳಿ, ಹತ್ತಿರದ ಲಿಫ್ಟಿನ ಹೆಸರೂ ಸೇರಿ.

ಲಿಫ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಂಥ ಬಿಲ್ಡಿಂಗಲ್ಲಿ ಎಲ್ಲಾ ಗೊಂದಲ ಶುರು ಆಗೋದು ಅಲ್ಲೇ. ಮಾಲಿನ ಲಿಫ್ಟ್ ಮಾಲಿನ ಮೇಲ್ಮಹಡಿವರೆಗೆ ಮಾತ್ರ ಹೋಗುತ್ತೆ, ಅದರಲ್ಲಿ ನಿಮ್ಮ ಮಹಡಿ ಬಟನ್ನೇ ಇರಲ್ಲ. ಹೋಟೆಲ್ ಲಿಫ್ಟಲ್ಲೂ ಕೆಳಗಿನ ಮಹಡಿಗಳಿಗೆ ಒಂದು ಸಾಲು, ಮೇಲಿನ ಮಹಡಿಗಳಿಗೆ ಇನ್ನೊಂದು ಸಾಲು ಅಂತ ಬೇರೆ ಮಾಡಿರ್ತಾರೆ, ಮೇಲೆ ಬರೆದಿರೋ ಮಹಡಿ ನಂಬರ್ ನೋಡದೇ ಹತ್ತಿದ್ರೆ ನಿಮ್ಮ ಮಹಡೀಲಿ ನಿಲ್ಲಲ್ಲ. ಕೆಲವು ಹೊಸ ಬಿಲ್ಡಿಂಗಲ್ಲಿ ಲಿಫ್ಟ್ ಒಳಗೆ ಬಟನ್ನೇ ಇರಲ್ಲ, ಹೊರಗೇ ಕೀಪ್ಯಾಡಲ್ಲಿ ಮಹಡಿ ನಂಬರ್ ಒತ್ತಿದ್ರೆ "ಬಿ", "ಡಿ" ಅಂತ ಒಂದು ಅಕ್ಷರ ತೋರಿಸುತ್ತೆ, ಆ ಲಿಫ್ಟಿಗೇ ಹೋಗಿ ನಿಂತ್ಕೋಬೇಕು, ಬೇರೆ ಬಾಗಿಲು ತೆಗೀತು ಅಂತ ಅದಕ್ಕೆ ಹತ್ತಬಾರ್ದು. ಗುಂಪಲ್ಲಿದ್ರೆ ಪ್ರತಿಯೊಬ್ರೂ ಒಂದೊಂದು ಸಲ ಒತ್ತಿ, ಎಷ್ಟು ಜನ ಇದ್ದಾರೆ ಅಂತ ಅದು ಲೆಕ್ಕ ಹಾಕೋದೇ ಆ ಒತ್ತಿದ್ದನ್ನ ನೋಡಿ. ಇನ್ನು ರೂಮ್ ಕಾರ್ಡ್ ತೋರಿಸದೇ ಹೋಟೆಲ್ ಲಿಫ್ಟ್ ಮೇಲೆ ಹೋಗದೇ ಇರೋದು ನಮ್ಮ ಒಳ್ಳೇದಕ್ಕೇ, ಕೆಳಗಡೆ ಮಾಲಿಗೆ ಸಾವಿರಾರು ಜನ ಬಂದು ಹೋಗ್ತಾರೆ. ಹಾಗಾಗಿ ಮನೆಯವರೆಲ್ಲರಿಗೂ ಒಂದೊಂದು ಕಾರ್ಡ್ ಕೇಳಿ ಇಸ್ಕೊಳ್ಳಿ, ರೂಮ್ ನಂಬರ್ ಬರೆದಿರೋ ಕವರನ್ನ ಕಾರ್ಡ್ ಜೊತೆ ಇಡ್ಬೇಡಿ, ಅಂಗಡೀಲಿ ಬಿಲ್ ಮಾಡಿಸೋವಾಗ ಜೋರಾಗಿ ರೂಮ್ ನಂಬರ್ ಹೇಳ್ಬೇಡಿ.

ಮಹಡಿ ನಂಬರ್‌ಗಳನ್ನೂ ಪೂರ್ತಿ ನಂಬೋಕಾಗಲ್ಲ. ಕೆಲವು ದೇಶದಲ್ಲಿ ರಸ್ತೆ ಮಟ್ಟವೇ 1, ಕೆಲವು ಕಡೆ ಅದು ಗ್ರೌಂಡು, ಮಾಲ್‌ಗಳಲ್ಲಿ ಲೋಯರ್ ಗ್ರೌಂಡ್, ಅಪ್ಪರ್ ಗ್ರೌಂಡ್, ಮೆಜನೈನ್ ಅಂತ ಬೇರೆ. ಅಪಶಕುನ ಅಂತ ಎಷ್ಟೋ ಕಡೆ 13 ಇರಲ್ಲ, ಪೂರ್ವ ಏಷ್ಯಾದಲ್ಲಿ 4 ಬರೋ ನಂಬರ್‌ಗಳನ್ನ ಬಿಡ್ತಾರೆ, ಆಗಲೇ ಹೇಳಿದ ಐಸಿಸಿ ಟವರಲ್ಲಿ 118 ಅಂತ ಬರೆದಿದ್ರೂ ನಿಜವಾಗಿ ಇರೋದು 108 ಮಹಡಿ. ಅದಕ್ಕೆ "ಎರಡನೇ ಮಹಡೀಲಿ ಸಿಗೋಣ" ಅಂದ್ರೆ ಇಬ್ರೂ ಬೇರೆ ಬೇರೆ ಕಡೆ ಕಾಯ್ತಾ ಇರ್ತೀರ. ಅಂಗಡಿ ಹೆಸರು, ಗೇಟ್ ನಂಬರ್ ಹೇಳಿ.

ದಾರಿ ತಪ್ಪೋದು ಅಂದ್ರೆ ಲಾಸ್ ಏಂಜಲೀಸ್‌ನ ಬೊನಾವೆಂಚರ್ ಹೋಟೆಲ್ ಬಗ್ಗೆ ಹೇಳಲೇಬೇಕು. ಜಾನ್ ಪೋರ್ಟ್‌ಮನ್ ಡಿಸೈನ್ ಮಾಡಿದ್ದು, 1976ರಲ್ಲಿ ಶುರುವಾಗಿದ್ದು, ಮಧ್ಯೆ ಒಂದು ಗುಂಡಗಿನ ಟವರು ಸುತ್ತ ಅದೇ ಥರದ್ದು ನಾಲ್ಕು, ಬುಡದಲ್ಲಿ ಅಂಗಡಿಗಳ ಮಹಡಿಗಳು. ಯಾವ ಕಡೆ ತಿರುಗಿದ್ರೂ ಒಂದೇ ಥರ ಕಾಣ್ತಿದ್ರಿಂದ ಜನಕ್ಕೆ ದಿಕ್ಕೇ ತಿಳೀತಿರ್ಲಿಲ್ಲ, ಅಂಗಡಿ ಹುಡುಕೋದೇ ಕಷ್ಟ ಆಗಿತ್ತು, ಕೊನೆಗೆ ಟವರ್‌ಗಳಿಗೆ ಕೆಂಪು ಹಳದಿ ಹಸಿರು ನೀಲಿ ಅಂತ ಬಣ್ಣದ ಗುರುತು ಹಾಕ್ಬೇಕಾಯ್ತು. ಇವತ್ತು ಮಾಲ್‌ಗಳ ಕಂಬ, ನೆಲ, ಸೀಲಿಂಗಲ್ಲಿ ಕಾಣೋ ಬಣ್ಣಗಳು ಬರೀ ಅಂದಕ್ಕೆ ಅಂತ ಅಂದ್ಕೋಬೇಡಿ, ನಿಮ್ಮ ಹೋಟೆಲ್ ಲಿಫ್ಟಿರೋ ಕಡೆ ಯಾವ ಬಣ್ಣ ಅಂತ ಮೊದಲ ದಿನವೇ ನೋಡಿಟ್ಕೊಳ್ಳಿ. ಮಾಲಿನ ಮ್ಯಾಪ್ ಬೋರ್ಡಲ್ಲಿ ಅಂಗಡಿಗಳೆಲ್ಲ ಇರ್ತವೆ, ಹೋಟೆಲ್ ಮೂಲೇಲಿ ಎಲ್ಲೋ ಚಿಕ್ಕದಾಗಿರುತ್ತೆ ಇಲ್ಲಾಂದ್ರೆ ಇರೋದೇ ಇಲ್ಲ. ಎಸ್ಕಲೇಟರೂ ಅಷ್ಟೇ, ಒಂದು ಮಹಡಿ ಹತ್ತಿದ ಮೇಲೆ ಮುಂದಿನದು ಪಕ್ಕದಲ್ಲೇ ಸಿಗದೇ ಆ ಕಡೆ ತುದೀಲಿರೋ ಹಾಗೆ ಬೇಕಂತಲೇ ಇಟ್ಟಿರ್ತಾರೆ, ಹೋಗ್ತಾ ಹೋಗ್ತಾ ಅಂಗಡಿ ನೋಡ್ಲಿ ಅಂತ.

ಆದ್ದರಿಂದ ರೂಮಿಗೆ ಲಗೇಜ್ ಹಾಕಿದ ತಕ್ಷಣ ಅರ್ಧ ಗಂಟೆ ಇದಕ್ಕೇ ಅಂತ ಇಡಿ. ರೂಮಿಂದ ಮಾಲಿಗೆ, ಮಾಲಿಂದ ರಸ್ತೆಗೆ, ರಸ್ತೆಯಿಂದ ವಾಪಸ್ ರೂಮಿಗೆ ಒಂದು ಸುತ್ತು ಬನ್ನಿ, ಮಕ್ಕಳನ್ನೂ ಕರ್ಕೊಂಡೇ ಹೋಗಿ, ಲಿಫ್ಟ್ ಹುಡುಕೋ ಕೆಲಸ ಅವರಿಗೇ ಕೊಡಿ. ಮಾಲ್ ಮತ್ತೆ ಹೋಟೆಲ್ ಸೇರೋ ಬಾಗಿಲ ಹತ್ರ ನಿಂತು ಅದು ಎಷ್ಟು ಗಂಟೆಗೆ ಮುಚ್ಚುತ್ತೆ ಅಂತ ಸೆಕ್ಯೂರಿಟಿಯವರನ್ನ ಕೇಳಿ. ಇದು ಬಹಳ ಮುಖ್ಯ, ಮಾಲ್ ಮುಚ್ಚಿದ ಮೇಲೆ ಆ ಬಾಗಿಲಿಗೂ ಬೀಗ ಬಿದ್ರೆ ರಾತ್ರಿ ಊಟ ಮುಗಿಸಿ ಬರೋವಾಗ ಪೂರ್ತಿ ಹೊರಗಿಂದ ಸುತ್ತು ಹಾಕ್ಕೊಂಡು ಬರ್ಬೇಕು. ಮಾಲ್ ಒಳಗಿನ ಸಿನಿಮಾ ಥಿಯೇಟರ್ ಲೇಟ್ ಶೋ ನೋಡೋ ಪ್ಲಾನ್ ಇದ್ರಂತೂ ಕೇಳ್ಲೇಬೇಕು, ಶೋ ಬಿಟ್ಮೇಲೆ ಜನರನ್ನ ಒಂದೇ ಒಂದು ಗೇಟಿಂದ ಹೊರಗೆ ಬಿಡ್ತಾರೆ, ಅದು ಹೋಟೆಲಿನ ಕಡೆಗೇ ಇರುತ್ತೆ ಅಂತೇನಿಲ್ಲ.

ಅದೇ ಸುತ್ತಲ್ಲಿ ಬೆಂಕಿ ಬಿದ್ದಾಗ ಇಳಿದು ಹೋಗೋ ಮೆಟ್ಟಿಲು ನೋಡಿ ಬನ್ನಿ, ಇದನ್ನ ಯಾರೂ ಬಿಡಬಾರ್ದು ಅಂತ ಕೈ ಮುಗಿದು ಕೇಳ್ಕೋತೀನಿ. 1980ರ ನವೆಂಬರ್ 21ರಂದು ಲಾಸ್ ವೇಗಾಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಲ್ಲಿ ಕೆಳಗಿನ ಒಂದು ರೆಸ್ಟೋರೆಂಟಲ್ಲಿ ವೈರಿಂಗ್ ದೋಷದಿಂದ ಬೆಂಕಿ ಹತ್ತಿತು, ಆ ಭಾಗದಲ್ಲಿ ಬೆಂಕಿ ಬಿದ್ರೆ ತಾನಾಗೇ ನೀರು ಚಿಮ್ಮೋ ಸ್ಪ್ರಿಂಕ್ಲರ್ ಇರ್ಲಿಲ್ಲ. ಬೆಂಕಿ ಕೆಳಗೇ ಉಳೀತು, ಆದ್ರೆ ಹೊಗೆ ಲಿಫ್ಟಿನ ಗುಂಡಿ, ಮೆಟ್ಟಿಲು, ಗೋಡೆ ಸಂದಿಗಳಲ್ಲಿ ಹತ್ಕೊಂಡು ಮೇಲಕ್ಕೆ ಹೋಯ್ತು, ಸತ್ತ 85 ಜನರಲ್ಲಿ ಬಹಳಷ್ಟು ಜನ ಬೆಂಕಿಯಿಂದ ಎಷ್ಟೋ ದೂರ ಮೇಲಿನ ಮಹಡಿಗಳಲ್ಲಿ ಹೊಗೆಗೆ ಉಸಿರುಕಟ್ಟಿ ಸತ್ತವರು. ಕೆಳಗೆ ಅಡುಗೆಮನೆಗಳು, ಅಂಗಡಿಗಳು, ಮೇಲೆ ಮಲಗಿರೋ ಜನ ಅನ್ನೋ ಯಾವ ಕಟ್ಟಡಕ್ಕೂ ಈ ಪಾಠ ಅನ್ವಯ ಆಗುತ್ತೆ. ಅದಾದ ಮೇಲೆ ನಿಯಮಗಳು ಬಿಗಿ ಆಗಿವೆ, ಈಗಿನ ಒಳ್ಳೆ ಟವರ್‌ಗಳಲ್ಲಿ ಎಲ್ಲಾ ಕಡೆ ಸ್ಪ್ರಿಂಕ್ಲರ್ ಇರುತ್ತೆ, ಮೆಟ್ಟಿಲಿಗೆ ಹೊಗೆ ನುಗ್ಗದ ಹಾಗೆ ಫ್ಯಾನಿಂದ ಗಾಳಿ ಒತ್ತಡ ಕೊಟ್ಟಿರ್ತಾರೆ, ಕೆಲವು ಕಡೆ ಮಧ್ಯೆ ಮಧ್ಯೆ ಜನ ನಿಂತು ಸುಧಾರಿಸ್ಕೊಳ್ಳೋಕೆ ರೆಫ್ಯೂಜ್ ಮಹಡಿ ಬಿಟ್ಟಿರ್ತಾರೆ. ಆದ್ರೆ ಮೆಟ್ಟಿಲು ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲದಿದ್ರೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ.

ನಿಮ್ಮ ರೂಮ್ ಬಾಗಿಲಿಂದ ಎರಡೂ ಕಡೆಯ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟ್ಬೇಕು ಅಂತ ಎಣಿಸಿ, ಹೊಗೇಲಿ ಬೋರ್ಡ್ ಕಾಣಲ್ಲ, ಗೋಡೆ ತಡವಿಕೊಂಡು ಬಾಗಿಲು ಎಣಿಸ್ತಾ ಹೋಗೋಕೆ ಆಗುತ್ತೆ. ಮೆಟ್ಟಿಲ ಬಾಗಿಲಿಗೆ ಏನಾದ್ರೂ ಸಾಮಾನು ಅಡ್ಡ ಇಟ್ಟಿದ್ರೆ ತಕ್ಷಣ ರಿಸೆಪ್ಷನ್‌ಗೆ ಹೇಳಿ, ಸಂಕೋಚ ಬೇಡ. ಅಲಾರಂ ಆದ್ರೆ ಬಾಗಿಲನ್ನ ಕೈ ಹಿಂಭಾಗದಿಂದ ಮುಟ್ಟಿ ನೋಡಿ, ಬಿಸಿ ಇಲ್ಲ ಅಂದ್ರೆ ಕಾರ್ಡ್ ತಗೊಂಡು ಹೊರಗೆ ಬಂದು ಬಾಗಿಲು ಎಳ್ಕೊಂಡು ಮೆಟ್ಟಿಲಲ್ಲಿ ಇಳೀರಿ, ಲಿಫ್ಟ್ ಬೇಡ, ಮೇಲೆ ಟೆರೇಸ್ ಕಡೆಗೂ ಬೇಡ. ಕಾರ್ಡ್ ಯಾಕೆ ಅಂದ್ರೆ ಮುಂದೆ ದಾರಿ ಇಲ್ಲದಿದ್ರೆ ವಾಪಸ್ ರೂಮಿಗೇ ಬರ್ಬೇಕಾಗಬಹುದು, ಎಷ್ಟೋ ಕಟ್ಟಡದಲ್ಲಿ ಮೆಟ್ಟಿಲೊಳಗಿಂದ ಎಲ್ಲಾ ಮಹಡಿ ಬಾಗಿಲೂ ತೆಗಿಯಲ್ಲ. ಬಾಗಿಲು ಬಿಸಿ ಇದ್ರೆ ಅಥವಾ ಕಾರಿಡಾರಲ್ಲಿ ದಟ್ಟ ಹೊಗೆ ಇದ್ರೆ ರೂಮಲ್ಲೇ ಇರಿ, ಒದ್ದೆ ಟವೆಲ್ ಬಾಗಿಲ ಸಂದಿಗೆ ತುರುಕಿ, ಎಸಿ ಆಫ್ ಮಾಡಿ, ಫೋನ್ ಮಾಡಿ ರೂಮ್ ನಂಬರ್ ಹೇಳಿ, ಕಿಟಕಿ ಹತ್ರ ಕಾಣೋ ಹಾಗಿರಿ. ಫೈರ್ ಬ್ರಿಗೇಡಿನ ಸಾಮಾನ್ಯ ಏಣಿಗಳು ಮೂವತ್ತು ಮೀಟರ್ ಆಸುಪಾಸು ಮುಟ್ಟುತ್ತೆ, ಅಗಲವಾದ ಪೋಡಿಯಂ ಅಡ್ಡ ಇದ್ರೆ ಅಷ್ಟೂ ಹತ್ತಿರ ಬರೋಕಾಗಲ್ಲ, ಹಾಗಾಗಿ ಮೆಟ್ಟಿಲೇ ನಮ್ಮ ದಾರಿ. ಮತ್ತೆ ಟವರಿನ ಮೆಟ್ಟಿಲು ನೇರ ಲಾಬಿಗೆ ಇಳಿಯುತ್ತೆ ಅಂದ್ಕೋಬೇಡಿ, ಪೋಡಿಯಂ ಹತ್ರ ಒಂದು ಕಾರಿಡಾರಲ್ಲಿ ಪಕ್ಕಕ್ಕೆ ಹೋಗಿ ಹಿಂದಿನ ರಸ್ತೆಗೆ ಬಿಡಬಹುದು, ಮನೆಯವರೆಲ್ಲ ಹೊರಗೆ ಎಲ್ಲಿ ಸೇರ್ಬೇಕು ಅಂತ ಮೊದಲೇ ಮಾತಾಡ್ಕೊಳ್ಳಿ. ಮೆಟ್ಟಿಲು ಇಳಿಯೋಕಾಗದವರು ಜೊತೇಲಿದ್ರೆ ಚೆಕ್‌ಇನ್‌ನಲ್ಲೇ ಹೇಳಿ ಬರೆಸಿ.

ಇನ್ನು ಶಾಪಿಂಗ್. ಮಾಲ್ ತೆಗಿಯೋದು ಸಾಮಾನ್ಯವಾಗಿ ಹತ್ತು ಹನ್ನೊಂದು ಗಂಟೆಗೆ, ಹಾಗಾಗಿ "ಬೆಳಗ್ಗೆ ತಿಂಡಿ ಕೆಳಗೆ ಫುಡ್ ಕೋರ್ಟಲ್ಲಿ ಮಾಡ್ಕೊಳ್ಳೋಣ" ಅಂತ ಬ್ರೇಕ್‌ಫಾಸ್ಟ್ ಇಲ್ಲದ ರೇಟಿಗೆ ಬುಕ್ ಮಾಡಿದ್ರೆ ಹೊಟ್ಟೆ ಹಸ್ಕೊಂಡು ಕೂರ್ಬೇಕು, ಹಿಂದಿನ ರಾತ್ರೀನೇ ಸೂಪರ್‌ಮಾರ್ಕೆಟಲ್ಲಿ ಹಣ್ಣು ಹಾಲು ಬ್ರೆಡ್ ತಂದಿಟ್ಕೊಂಡ್ರೆ ನಡೆಯುತ್ತೆ. ಅಂಗಡಿಗಳು ಹೋಟೆಲಿನದ್ದಲ್ಲ, ಬಾಡಿಗೆಗಿರೋರು, ಅದಕ್ಕೆ ಬಿಲ್ಲನ್ನ ರೂಮಿಗೆ ಹಾಕಿಸೋಕೆ ಸಾಮಾನ್ಯವಾಗಿ ಆಗಲ್ಲ, ಊಟದ ಜಾಗಗಳಲ್ಲಿ ಕೆಲವು ಮಾತ್ರ ಹೋಟೆಲಿನದ್ದಿರುತ್ತೆ, ಕೂರೋಕೆ ಮುಂಚೆ ಕೇಳಿ. ಆದ್ರೆ ಹೋಟೆಲ್ ಗೆಸ್ಟ್‌ಗೆ ಡಿಸ್ಕೌಂಟ್ ಕೊಡೋ ಅಂಗಡಿಗಳ ಪಟ್ಟಿ ಇದ್ಯಾ ಅಂತ ರಿಸೆಪ್ಷನಲ್ಲಿ ವಿಚಾರಿಸಿ, ಕೇಳದೇ ಇದ್ರೆ ಅವರಾಗಿ ಹೇಳೋದು ಕಡಿಮೆ. ಬೇರೆ ದೇಶದಲ್ಲಿದ್ರೆ ಟೂರಿಸ್ಟ್‌ಗಳಿಗೆ ಟ್ಯಾಕ್ಸ್ ವಾಪಸ್ ಕೊಡೋ ವ್ಯವಸ್ಥೆ ಇದ್ಯಾ ನೋಡಿ, ಅದಕ್ಕೆ ಪಾಸ್‌ಪೋರ್ಟ್ ಕೇಳ್ತಾರೆ. ಈ ಥರ ಜಾಗದ ದೊಡ್ಡ ಲಾಭ ಅಂದ್ರೆ ಒಂದೇ ಸಲ ಎಲ್ಲಾ ಕೊಳ್ಳೋ ಆತುರ ಬೇಕಿಲ್ಲ, ಒಂದು ರೌಂಡ್ ನೋಡಿ ರೂಮಿಗೆ ಬಂದು ಕಾಲು ಚಾಚಿ ಯೋಚನೆ ಮಾಡಿ ಸಂಜೆ ಹೋಗಿ ಬೇಕಾದ್ದು ಮಾತ್ರ ತರಬಹುದು, ಶನಿವಾರ ಭಾನುವಾರ ಸಂಜೆ ಮಾತ್ರ ಬೇಡ, ಆ ರಶ್ಶಲ್ಲಿ ಲಿಫ್ಟಿಗೇ ಕ್ಯೂ.

ಮಕ್ಕಳು ಕೈ ಬಿಟ್ಟು ಹೋದ್ರೆ ಎಲ್ಲಿ ನಿಲ್ಬೇಕು ಅಂತ ಮೊದಲೇ ತೋರಿಸಿ, ಇನ್ಫರ್ಮೇಶನ್ ಡೆಸ್ಕ್ ಒಳ್ಳೇದು, "ಕಾರಂಜಿ ಹತ್ರ" ಅಂದ್ರೆ ಅಂಥವು ಎರಡು ಮೂರಿರಬಹುದು. ಹೋಟೆಲ್ ಹೆಸರು ಮತ್ತೆ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಜೇಬಲ್ಲಿಡಿ, ರೂಮ್ ನಂಬರ್ ಬರೀಬೇಡಿ. ದಿನಾ ಬೆಳಗ್ಗೆ ಹೊರಡೋ ಮುಂಚೆ ಹಾಕಿರೋ ಬಟ್ಟೇಲೇ ಒಂದು ಫೋಟೋ.

ಹೊರಡೋ ದಿನ ಹನ್ನೊಂದರಿಂದ ಹನ್ನೆರಡರೊಳಗೆ ಎಲ್ರೂ ಒಟ್ಟಿಗೇ ಇಳಿಯೋದ್ರಿಂದ ಹೋಟೆಲ್ ಲಿಫ್ಟ್ ತುಂಬಿ ತುಂಬಿ ಬರುತ್ತೆ, ಸ್ಕೈ ಲಾಬಿ ಇರೋ ಕಡೆ ಎರಡು ಸಲ ಕಾಯ್ಬೇಕು, ಅದಕ್ಕೆ ತಿಂಡಿ ಆದ ತಕ್ಷಣ ದೊಡ್ಡ ಲಗೇಜ್ ಕೊಟ್ಬಿಡಿ. ಚೆಕ್‌ಔಟ್ ಆದ್ಮೇಲೂ ಬ್ಯಾಗ್ ಇಟ್ಕೋತಾರೆ, ಚೀಟಿ ಇಸ್ಕೊಂಡು ಖಾಲಿ ಕೈಯಲ್ಲಿ ಮಾಲಲ್ಲಿ ಇನ್ನೊಂದೆರಡು ಗಂಟೆ ಕಳೀಬಹುದು, ಆದ್ರೆ ಆಗ ನಿಮ್ಮ ರೂಮ್ ಕಾರ್ಡ್ ಕೆಲಸ ಮಾಡಲ್ಲ, ಲಾಬಿಗೆ ವಾಪಸ್ ಹೋಗೋಕೆ ಕಾರ್ಡ್ ಬೇಡದ ಲಿಫ್ಟ್ ಯಾವುದು ಅಂತ ಬ್ಯಾಗ್ ಕೊಡೋವಾಗಲೇ ಕೇಳ್ಕೊಳ್ಳಿ. ಕ್ಯಾಬನ್ನ ಬೇಸ್‌ಮೆಂಟಲ್ಲೋ ಮಾಲ್ ಒಳಗೋ ನಿಂತು ಕರೀಬೇಡಿ, ಅಲ್ಲಿ ಜಿಪಿಎಸ್ ಸರಿಯಾಗಿ ಸಿಗದೇ ಪಿಕಪ್ ಎಲ್ಲೋ ಹೋಗುತ್ತೆ, ಹೋಟೆಲ್ ಪೋರ್ಚಿಗೆ ಬಂದು ಅಲ್ಲಿಂದ ಬುಕ್ ಮಾಡಿ.